ಗಾಲಿಯಣ್ಣನ ಒಂದನೇ ಲೆವೆಲ್

ಇದರಲ್ಲಿ ಒಂದೇ ಒಂದು ಮಾತು ಸುಳ್ಳಿದ್ದರೂ ನನ್ನ ಪಂಚರ್ ಅಂಗಡಿಯ ಪಂಪು ಇವತ್ತೇ ಕೆಟ್ಟು ಕೂರಲಿ, ನಾನು ಹಚ್ಚಿದ ಪ್ಯಾಚು ಒಂದೂ ನಿಲ್ಲದೆ ಹೋಗಲಿ. ಇದೇ ಎರಡು ಕಣ್ಣಿಂದ ನೋಡಿದ್ದು. ಆ ಹೊಸ ಆಟದ ಹಾಲ್‌ನ ನಟ್ಟನಡುವೆ ಗಾಲಿಯಣ್ಣ ಒಂಟಿ ಚಕ್ರದ ಸೈಕಲ್ಲಿನ ಸೀಟನ್ನು ಕಾಲ ನಡುವೆ ಸಿಗಿಸಿಕೊಂಡು, ಬಲಗಾಲನ್ನು ಪೆಡಲಿನ ಮೇಲಿಟ್ಟು ನಿಂತಿದ್ದರು. ಎಡಗೈ ಮಾತ್ರ ಪಕ್ಕಕ್ಕೆ ಚಾಚಿಕೊಂಡು, ಕತ್ತಲಲ್ಲಿ ಸ್ವಿಚ್ಚು ಹುಡುಕುವವರ ಕೈಯ ಹಾಗೆ ಗಾಳಿಯಲ್ಲಿ ತಡಕಾಡುತ್ತಿತ್ತು.

"ಶುರು ಮಾಡಿ ಅಂಕಲ್," ಎಂದಳು ಪರೀಕ್ಷೆ ತೆಗೆದುಕೊಳ್ಳುವ ಹುಡುಗಿ. ಕೊರಳಲ್ಲಿ ಸೀಟಿ, ಕೈಯಲ್ಲಿ ರಟ್ಟಿಗೆ ಸಿಗಿಸಿದ ಹಾಳೆ.

"ಮಾಡ್ತೀನಮ್ಮ. ಅವಸರ ಏನು? ರೈಲೇನೂ ಹಿಡೀಬೇಕಾಗಿಲ್ವಲ್ಲ."

ಶುರು ಮಾಡಲಿಲ್ಲ. ಸ್ವಲ್ಪ ಹಿಂದಿನಿಂದ ಹೇಳದಿದ್ದರೆ ನಿಮಗೆ ಇದರ ಸಂಕಟ ತಿಳಿಯುವುದಿಲ್ಲ.

ನಮ್ಮ ಬೀದಿಯ ಕೊನೆಗೆ ಮುಚ್ಚಿಹೋದ ನೂಲಿನ ಗಿರಣಿ ಇದೆಯಲ್ಲ, ಅಲ್ಲಿ ಗಾಲಿಯಣ್ಣ ಮೂವತ್ತು ವರ್ಷ ಎಳೆ ಸೇರಿಸುವ ಕೆಲಸ ಮಾಡಿದವರು. ಒಂದೊಂದು ಸಾಲು ಯಂತ್ರವೂ ಒಂದೊಂದು ಬೀದಿಯಷ್ಟು ಉದ್ದ. ಎಲ್ಲಿ ನೂಲು ಹರಿಯಿತೋ ಅಲ್ಲಿಗೆ ಓಡಿಹೋಗಿ ಗಂಟು ಹಾಕಬೇಕು. ಎರಡು ಗಾಲಿಯ ಸೈಕಲ್ ಹತ್ತಿದರೆ ಹ್ಯಾಂಡಲ್ ಹಿಡಿಯಲು ಕೈ ಬೇಕು, ಗಂಟಿಗೆ ಕೈ ಎಲ್ಲಿಂದ ಬರಬೇಕು? ಅದಕ್ಕೇ ಒಂಟಿ ಚಕ್ರ. ಒಮ್ಮೆ ಗಾಲಿಯ ಮೇಲೇ ನಿದ್ದೆ ಹೋಗಿಬಿಟ್ಟಿದ್ದರಂತೆ. ಎಚ್ಚರವಾದಾಗ ಪಾಳಿ ಮುಗಿದಿತ್ತು, ಎಲ್ಲ ಗಂಟುಗಳೂ ಬಿದ್ದಿದ್ದವು.

ಪ್ರತಿ ಸಾಲಿನ ಮೊದಲಲ್ಲಿ ನಿಲ್ಲುತ್ತಿದ್ದವರು ಅತ್ತಿಗೆ, ಅಂದರೆ ಅವರ ಹೆಂಡತಿ. ಆಕೆ ಯಂತ್ರದ ನೂಲಿನ ಉಂಡೆ ಬದಲಾಯಿಸುವ ಕೆಲಸದವರು. ಅಣ್ಣ ಆಕೆಯ ಹೆಗಲ ಮೇಲೆ ಕೈಯಿಟ್ಟು ಹತ್ತುವುದು, ಸಾಲು ಸುತ್ತಿ ಬಂದು ಅದೇ ಹೆಗಲು ಹಿಡಿದು ಇಳಿಯುವುದು. ಇಬ್ಬರ ಮದುವೆ ನಿಕ್ಕಿಯಾಗಿದ್ದೂ ಹಾಗೆಯೇ. ಅತ್ತಿಗೆಯ ಬಲ ಹೆಗಲು ಎಡದ್ದಕ್ಕಿಂತ ಒಂದಿಂಚು ಕೆಳಗಿದೆ. ಬೇಕಾದರೆ ಟೇಪು ತಂದು ಅಳೆಯಿರಿ.

ಗಿರಣಿ ಮುಚ್ಚಿದ ಮೇಲೆ ಅಣ್ಣ ಅದರ ಅಂಗಳದಲ್ಲಿ ಬಂದವರಿಗೆಲ್ಲ ಸವಾರಿ ಕಲಿಸತೊಡಗಿದರು. ದುಡ್ಡಿಲ್ಲ, ಕಾಸಿಲ್ಲ. ಬೆಳಿಗ್ಗೆ ಎದ್ದು ಹೋಗಲು ಒಂದು ಜಾಗ ಬೇಕಿತ್ತು, ಅಷ್ಟೆ. ಹಾಲಿನವನು ಬಂದ, ಟೈಲರ್ ಬಂದ, ಆಸ್ಪತ್ರೆಯ ನರ್ಸಮ್ಮ ಬಂದಳು. ಅಣ್ಣ ಕೇಳುತ್ತಿದ್ದುದು ಒಂದೇ ಪ್ರಶ್ನೆ: "ಬೀಳೋಕೆ ಬರುತ್ತಾ? ಹಾಗಿದ್ರೆ ಅರ್ಧ ಕಲ್ತಂಗೆ. ಬಾ." ಅತ್ತಿಗೆ ಕಂಬದ ಹಾಗೆ ನಿಂತಿರುತ್ತಿದ್ದರು, ಎಲ್ಲರೂ ಆ ಹೆಗಲು ಹಿಡಿದೇ ಹತ್ತುತ್ತಿದ್ದರು.

ಆಮೇಲೆ ಈ ಹಾಲ್ ಬಂತು. ಗೋಡೆಯ ಮೇಲೆ ಬಾಗಿಲಗಲದ ಪಟ್ಟಿ, ಅದರಲ್ಲಿ ಒಂಟಿ ಚಕ್ರದ ಸವಾರಿಗೆ ಹತ್ತು ಲೆವೆಲ್. ಒಂದೊಂದಕ್ಕೂ ಒಂದೊಂದು ಬಣ್ಣದ ಬಿಲ್ಲೆ.

"ಅಣ್ಣ, ನಾನೀಗ ಯಾವ ಲೆವೆಲ್ಲು?" ಎಂದು ನರ್ಸಮ್ಮ ಕೇಳಿದಳು.

"ನೀನಾ? ಬಿದ್ರೂ ನಗೋ ಲೆವೆಲ್ಲು. ಅದರ ಮೇಲೆ ಇನ್ನೇನಿದೆ?"

ನರ್ಸಮ್ಮ ನಕ್ಕಳು, ಆದರೆ ಭಾನುವಾರ ಸದ್ದಿಲ್ಲದೆ ಹಾಲ್‌ಗೆ ಹೋಗಿಬಂದಳು. ಬಂದಾಗ ಮುಖ ಇಷ್ಟುದ್ದ.

"ಒಂದನೇದ್ರಲ್ಲೇ ಫೇಲು, ಅಣ್ಣ. ನಂಗೆ ಹತ್ತೋಕೇ ಬರಲ್ವಂತೆ."

"ದಿನಾ ಹತ್ತಿ ನನ್ನಂಗಡಿ ಮುಂದೇನೇ ಹೋಗ್ತೀಯಲ್ಲ!" ಎಂದೆ ನಾನು.

"ಯಾರನ್ನೂ ಏನನ್ನೂ ಹಿಡ್ಕೊಳ್ದೆ ಹತ್ಬೇಕಂತೆ."

ಅಣ್ಣ ಕೈ ಬೀಸಿದರು. "ಹತ್ತೋದು ಒಂದು ವಿದ್ಯೆನೇನೇ? ಕುರ್ಚಿ ಮೇಲೆ ಕೂರೋದಕ್ಕೂ ಸರ್ಟಿಫಿಕೇಟು ಕೊಡ್ತಾರಾ?"

ಹದಿನೈದು ದಿನದಲ್ಲಿ ಗಿರಣಿಯ ಗೇಟಿಗೆ ನಗರಸಭೆಯವರು ಹಾಳೆ ಅಂಟಿಸಿದರು. ಒಂದನೇ ತಾರೀಕಿನಿಂದ ಈ ಅಂಗಳದಲ್ಲಿ ಕಲಿಸುವವರು ಕನಿಷ್ಠ ಒಂದನೇ ಲೆವೆಲ್ ಪಾಸಾಗಿರಬೇಕು. ಇಲ್ಲವಾದರೆ ಗೇಟಿಗೆ ಬೀಗ. ಓದಿ ಹೇಳಿದ್ದು ನರ್ಸಮ್ಮ. ಅಣ್ಣ ಹೊಟ್ಟೆ ಹಿಡಿದುಕೊಂಡು ನಕ್ಕರು. ಅತ್ತಿಗೆ ಮಾತ್ರ ನಗಲಿಲ್ಲ. ಹಿಂದಿನ ವರ್ಷ ಬಚ್ಚಲಲ್ಲಿ ಜಾರಿ ಬಿದ್ದ ಮೇಲೆ ಆಕೆ ಕೋಲು ಹಿಡಿದು ನಡೆಯುತ್ತಿದ್ದರು. ನಿಲ್ಲುವ ಕೆಲಸವನ್ನಂತೂ ಬಿಟ್ಟಿರಲಿಲ್ಲ.

ಹೀಗೆ ಅಣ್ಣ, ಅತ್ತಿಗೆ, ನಾನು ಮೂವರೂ ಹಾಲ್‌ಗೆ ಹೋದದ್ದು. ಅಣ್ಣ ಮೊದಲ ಸಲ ಹತ್ತಲು ಹೋಗಿ ಮುಂದಕ್ಕೆ ಓಡಿದರು, ಸೈಕಲ್ಲು ಹಿಂದೆ ಬಿತ್ತು. ಎರಡನೇ ಸಲ ಸೈಕಲ್ಲು ಮುಂದೆ ಓಡಿತು, ಅಣ್ಣ ಹಿಂದೆ ಕೂತರು. ಮೂರನೇ ಸಲ ಆ ಎಡಗೈ ಹಾಗೇ ಗಾಳಿಯಲ್ಲಿ ನಿಂತುಬಿಟ್ಟಿತು. ಅತ್ತಿಗೆ ಬೆಂಚಿನಿಂದ ಎದ್ದರು.

"ಅಮ್ಮ, ನೀವು ಕೂತ್ಕೊಳ್ಳಿ," ಎಂದಳು ಹುಡುಗಿ.

"ನಾನು ಮುಟ್ಟಲ್ಲಮ್ಮ. ಸುಮ್ನೆ ಪಕ್ಕದಲ್ಲಿ ನಿಂತಿರ್ತೀನಿ."

"ಅದೂ ಆಗಲ್ಲಮ್ಮ. ಹಾಗೇ ಬರೆದಿದ್ದಾರೆ."

ಅಣ್ಣನ ಕಿವಿ ಕೆಂಪಾಯಿತು. "ನಂಗೆ ಹತ್ತನೇದು ಕೊಡಮ್ಮ. ಈ ಒಂದು, ಎರಡು ಎಲ್ಲ ಮಕ್ಕಳಿಗೆ ಇಟ್ಕೋ."

ಆ ಹುಡುಗಿ ಕೆಟ್ಟವಳಲ್ಲ, ಸುಳ್ಳು ಹೇಳಬಾರದು. ಅತ್ತ ಇತ್ತ ನೋಡಿ, "ಸರಿ, ಗೋಡೆ ಹಿಡ್ಕೊಂಡು ಹತ್ತಿ. ನೋಡೋಣ," ಎಂದಳು. ಅಣ್ಣ ಗೋಡೆ ಹಿಡಿದರು, ಹತ್ತಿದರು. ಆಮೇಲೆ ಕೇಳಬೇಡಿ! ಆಕೆ ಪಟ್ಟಿ ಓದುತ್ತ ಹೋದಳು, ಅವರು ಮಾಡುತ್ತ ಹೋದರು. ಎಂಟರ ಆಕಾರದಲ್ಲಿ ಸುತ್ತಿದರು, ಒಂದೇ ಕಾಲಲ್ಲಿ ತುಳಿದರು, ಹಿಂದಕ್ಕೆ ಹೋದರು, ನಿಂತಲ್ಲೇ ನೆಗೆದರು. ಹತ್ತೂ ಮುಗಿದ ಮೇಲೆ ಪಟ್ಟಿಯಲ್ಲಿ ಇಲ್ಲದ್ದೂ ಮೂರು ಮಾಡಿದರು. ಹಾಲ್‌ನಲ್ಲಿ ಬ್ಯಾಡ್ಮಿಂಟನ್ ಆಡುತ್ತಿದ್ದವರು ಆಟ ನಿಲ್ಲಿಸಿ ಚಪ್ಪಾಳೆ ತಟ್ಟಿದರು. ಮೇಲೆ ಹೋದ ಅವರ ಶಟಲ್ ಕಾಕ್ ಕೂಡ ಕೆಳಗಿಳಿಯಲು ಸ್ವಲ್ಪ ತಡಮಾಡಿತು.

"ಸಾಕು ಅಂಕಲ್, ಇಳೀರಿ," ಎಂದಳು ಹುಡುಗಿ.

ಅಣ್ಣ ಇನ್ನೊಂದು ಸುತ್ತು ಹಾಕಿದರು. ಮತ್ತೊಂದು. ನಗುತ್ತಲೇ ಇದ್ದರು, ಆದರೆ ಹಣೆಯಲ್ಲಿ ಬೆವರು ಕಿತ್ತುಕೊಂಡು ಬಂದಿತ್ತು. ಆರನೇ ಸುತ್ತಿಗೆ ನನಗೆ ತಿಳಿಯಿತು, ಇವರಿಗೆ ಇಳಿಯಲೂ ಬರುವುದಿಲ್ಲ ಅಂತ. ಅತ್ತಿಗೆಗೆ ಯಾವಾಗಲೋ ತಿಳಿದಿತ್ತು. ಆಕೆ ಕೋಲೂರಿ ಒಂದೊಂದೇ ಹೆಜ್ಜೆ ಇಟ್ಟು ಹಾಲ್‌ನ ನಡುವೆ ಹೋಗಿ, ಕೋಲನ್ನು ಎಡಗೈಗೆ ಬದಲಾಯಿಸಿಕೊಂಡು ನಿಂತರು. ಅಣ್ಣ ಸುತ್ತಿ ಬಂದು ಆ ಹೆಗಲು ಹಿಡಿದು ಇಳಿದರು. ಅತ್ತಿಗೆ ಹಲ್ಲು ಕಚ್ಚಿದ್ದು ನಮಗೆಲ್ಲ ಕಾಣಿಸಿತು. ಹುಡುಗಿ ಕಿಟಕಿಯ ಕಡೆ ನೋಡುತ್ತಿದ್ದಳು.

"ಒಂದನೇದು ಖಾಲಿ ಇದ್ರೆ ಎರಡನೇದಕ್ಕೆ ಗುರುತು ಹಾಕೋಕಾಗಲ್ಲ, ಅಂಕಲ್."

"ಹತ್ತನೇದು ನೋಡಿದ್ಯಲ್ಲಮ್ಮ?"

"ನೋಡ್ದೆ. ನಂಗೇ ಏಳರ ಮೇಲೆ ಬರಲ್ಲ."

"ಮತ್ತೆ?"

"ಮತ್ತೆ... ಏನ್ ಮಾಡ್ಲಿ ಹೇಳಿ."

ವಾಪಸು ಬರುವಾಗ ಅಣ್ಣ ಸೈಕಲ್ಲು ತಳ್ಳಿಕೊಂಡು ಮುಂದೆ ಮುಂದೆ ನಡೆದರು. ಅತ್ತಿಗೆ ನನ್ನ ಹತ್ತಿರ ಮೆಲ್ಲಗೆ ಅಂದರು: "ನಾನು ಇವರಿಗೆ ಆಸರೆ ಅಂದ್ಕೊಂಡಿದ್ದೆ ಕಣಪ್ಪ. ಕಲಿಯೋದಕ್ಕೇ ಬಿಡಲಿಲ್ಲ ನೋಡು." ಪಂಚರ್ ಆಗಿದ್ದರೆ ಹಾಕಿ ಕೊಡುತ್ತಿದ್ದೆ.

ಗೇಟಿಗೆ ಬೀಗ ಬಿದ್ದು ಇವತ್ತಿಗೆ ಎರಡು ತಿಂಗಳು. ಅಗೋ, ಎದುರಿನ ಓಣಿಯಲ್ಲಿ ಕಾಣಿಸುತ್ತಾರಲ್ಲ, ಅವರೇ. ಬೆಳಗಾದರೆ ಇದೇ ಕೆಲಸ. ಅತ್ತಿಗೆ ಬೇಕೆಂದೇ ಕುರ್ಚಿಯನ್ನು ಅಣ್ಣನ ಬಲಗಡೆ ಹಾಕಿಸಿಕೊಂಡು ಕೂರುತ್ತಾರೆ, ಕೈಗೆ ಸಿಗಬಾರದು ಅಂತ. ಅಣ್ಣ ಹತ್ತಲು ಹೋಗುತ್ತಾರೆ, ಎಡಗೈ ಚಾಚುತ್ತದೆ, ಬೀಳುತ್ತಾರೆ. ಅವರು ಬಿದ್ದಾಗಲೆಲ್ಲ ಅತ್ತಿಗೆ ತಮ್ಮ ಹೆಗಲನ್ನು ತಾವೇ ಒತ್ತಿ ಹಿಡಿದುಕೊಳ್ಳುತ್ತಾರೆ.

ನಗರಸಭೆಗೆ ಒಂದು ಅರ್ಜಿ ಬರೆಸಿದ್ದೇನೆ. ನರ್ಸಮ್ಮನದೇ ಅಕ್ಷರ. ಇವರು ಯಾರ ಸಹಾಯವೂ ಇಲ್ಲದೆ ಹತ್ತಿ ಇಳಿದದ್ದನ್ನು ನಾವು ಕಣ್ಣಾರೆ ಕಂಡಿದ್ದೇವೆ, ಅಂತ. ಇಪ್ಪತ್ತೈದು ಸಹಿ ಬೇಕು, ಇಪ್ಪತ್ತನಾಲ್ಕು ಆಗಿದೆ. ನೀವು ಕಂಡಿಲ್ಲ, ನಿಜ. ಆದರೆ ಇಷ್ಟು ಹೊತ್ತು ಕೇಳಿದ್ದೀರಲ್ಲ, ಕಂಡ ಹಾಗೇ ಆಯಿತು. ತಗೊಳ್ಳಿ ಪೆನ್ನು. ಅವಸರ ಏನಿಲ್ಲ, ಯೋಚನೆ ಮಾಡಿಯೇ ಹಾಕಿ. ನಿಮ್ಮ ಸೈಕಲ್ಲಿನ ಹಿಂದಿನ ಗಾಲಿ ಹೇಗೂ ಬಿಚ್ಚಿ ನನ್ನ ಹತ್ತಿರವೇ ಇದೆ.