ನಡುಗಿದ್ದು ದೇವರಲ್ಲ

ಜೇನು ಇಳಿಸುವ ವೆಳ್ಳನ್ ಕೈ ನಡುಗತೊಡಗಿದಾಗ ವಯನಾಡಿನ ತೋಲ್ಪೆಟ್ಟಿಯ ಕಾಡಂಚಿನ ಹಾಡಿಯಲ್ಲಿ ಯಾರೂ ಹೆದರಲಿಲ್ಲ. ಹೆದರುವುದೆಲ್ಲಿ ಬಂತು, ಕೈ ಮುಗಿದರು! ಸುಮ್ಮನೆ ಕೂತವನ ಬಲಗೈ ತಾನಾಗಿ ಅದುರಿದರೆ ಜೇನಿಗೆ ಹೋದವರನ್ನು ಕಾಯುವ ದೇವರು ಮೈಮೇಲೆ ಬರುತ್ತಿದ್ದಾನೆ ಅಂತಲೇ ಅಲ್ಲಿಯವರ ನಂಬಿಕೆ. ಹೆಂಡತಿ ಕೆಂಪಿಯೂ ಹಾಗೇ ನಂಬಿದಳು.

ವಯನಾಡು ಆಗಷ್ಟೇ ಹೊಸ ಜಿಲ್ಲೆಯಾಗಿತ್ತು. ಹಾಡಿಗೆ ಬಂದ ನರ್ಸ್ ಶ್ಯಾಮಳ, ವೆಳ್ಳನ್ ಕಾಲೆಳೆದು ನಡೆಯುವುದನ್ನು ನೋಡಿ ದೊಡ್ಡಾಸ್ಪತ್ರೆಗೆ ಕರೆದೊಯ್ದಳು. ಪಾರ್ಕಿನ್ಸನ್ ಕಾಯಿಲೆ ಅಂದರು ಡಾಕ್ಟರು. ಮಾತ್ರೆ ಶುರುವಾದ ಮೇಲೆ ನಡುಕ ಇಳಿಯಿತು. ವೆಳ್ಳನ್ ತಾನೇ ಗಂಜಿ ಕುಡಿದ, ಕೂತು ಹಗ್ಗ ಹೊಸೆದ.

ಎಡವಟ್ಟಾಗಿದ್ದೇ ಅಲ್ಲಿ ನೋಡಿ. ವೆಳ್ಳನ್‌ನ ಅಣ್ಣ ಚಿಕ್ಕಮಾದು ಸಿಡುಕಿದ.

“ಕೆಂಪೀ, ಮಾತ್ರೆ ತಿನ್ನಿಸಿ ದೇವರನ್ನೇ ಓಡಿಸಿದೆಯಲ್ಲೇ! ಜೇನಿಗೆ ಹೋದವರನ್ನ ಇನ್ನು ಯಾರು ಕಾಯ್ತಾರೆ?”

ದೇವರ ಮುನಿಸಿಗೆ ಹೆದರಿದ ಕೆಂಪಿ ಮಾತ್ರೆಗಳನ್ನು ಹೊಳೆಗೆ ಸುರಿದು, ಗಂಡನಿಗೆ “ಮುಗಿದು ಹೋಯ್ತು” ಅಂದುಬಿಟ್ಟಳು.

ದೇವರೇನೂ ಬರಲಿಲ್ಲ. ವೆಳ್ಳನ್ ಮೈ ಕೊರಡಾಯಿತು. ಮಗ್ಗುಲಾಗಲಾರ, ಗಂಜಿ ನುಂಗಲಾರ, ಮೇಲೆ ಸುಡುವ ಜ್ವರ. ಶ್ಯಾಮಳ ಜೀಪು ತರಿಸಿ ಆಸ್ಪತ್ರೆಗೆ ಸೇರಿಸಿದಳು. ಜೀವ ಉಳಿಯಿತು. ಆದರೆ ಮೊದಲಿನ ವೆಳ್ಳನ್ ಮನೆಗೆ ಬರಲಿಲ್ಲ.

“ಸಿಸ್ಟರೇ, ಈ ಕಾಯಿಲೆ ಮುಂದಕ್ಕೆ ಹೋಗದ ಹಾಗೆ ಏನಾದರೂ ಮದ್ದು ಕೊಡಿ. ಎಡಗೈಯಾದರೂ ಉಳೀಲಿ,” ಕೆಂಪಿ ಗೋಗರೆದಳು.

ಶ್ಯಾಮಳ ಸುಳ್ಳು ಹೇಳಲಿಲ್ಲ. “ಅಂಥ ಮದ್ದು ಇನ್ನೂ ಇಲ್ಲ ಕೆಂಪೀ. ಮೆದುಳಿನ ನರ ಸಾಯದ ಹಾಗೆ ಕಾಪಾಡೋ ಮದ್ದು ಹುಡುಕ್ತಾ ಇದ್ದಾರೆ. ಸಿಕ್ಕಿದೆ ಅಂತ ಯಾರಾದರೂ ಮಾರೋಕೆ ಬಂದರೆ ನಂಬಬೇಡ.”

“ಕಾಯಿಲೆ ನಿಲ್ಲಿಸದ ಮೇಲೆ ಈ ಮಾತ್ರೆ ಯಾತಕ್ಕೆ?” ಚಿಕ್ಕಮಾದು ಕೇಳಿದ.

“ನಿಮ್ಮ ತಮ್ಮ ತನ್ನ ಕೈಯಲ್ಲೇ ಉಣ್ಣಲಿ ಅಂತ. ಇರೋದು ಅಷ್ಟೇ, ಅದನ್ನೂ ಕಸೀಬೇಡಿ. ದಿನಾ ನಡೆಸಿ, ಕೈಕಾಲು ಆಡಿಸಿ. ಮಾತ್ರೆ ಮಾತ್ರ ಏಕಾಏಕಿ ಬಿಡಿಸಬೇಡಿ, ಅದಕ್ಕೇ ಮೈ ಹೀಗೆ ಕೊರಡಾಗಿದ್ದು.”

ಮರುದಿನದಿಂದ ತಮ್ಮನ ರಟ್ಟೆ ಹಿಡಿದು ಅಂಗಳದಲ್ಲಿ ನಡೆಸುವವನು ಚಿಕ್ಕಮಾದುವೇ. ಕೆಂಪಿ ಹೊತ್ತಿಗೆ ಸರಿಯಾಗಿ ಮಾತ್ರೆ ಕೊಡುತ್ತಾಳೆ. ಹೊಳೆಗೆ ಸುರಿದ ಮಾತ್ರೆ ಮತ್ತೆ ತರಬಹುದು, ಆ ದಿನಗಳನ್ನು ಎಲ್ಲಿಂದ ತರುವುದು? ಜೇನಿನ ಕಾಲ ಬಂತು. ಬೇರೆಯವರು ಮರ ಹತ್ತಿದರು. ಕೆಳಗೆ ಕೂತ ವೆಳ್ಳನ್‌ಗೆ ಕತ್ತೆತ್ತಿ ನೋಡಲೂ ಆಗಲಿಲ್ಲ.

ಅಕ್ಕಂದಿರೇ, ಅಣ್ಣಂದಿರೇ, ನಿಮ್ಮ ಮನೆಯಲ್ಲಿ ಸುಮ್ಮನೆ ಕೂತವರ ಕೈ ನಡುಗಿದರೆ, ನಡಿಗೆ ನಿಧಾನವಾದರೆ, ದೇವರಿಗೆ ಕೈ ಮುಗಿಯಿರಿ, ಬೇಡವೆನ್ನುವುದಿಲ್ಲ. ಆದರೆ ಅವತ್ತೇ ಆಸ್ಪತ್ರೆಗೂ ಕರೆದೊಯ್ಯಿರಿ. ಡಾಕ್ಟರನ್ನು ಕೇಳದೆ ಮಾತ್ರೆ ಬಿಡಿಸಬೇಡಿ. ಕೆಂಪಿ ಈಗಲೂ ನೀರು ತರಲು ಆ ಹೊಳೆಗೆ ಹೋಗುವುದಿಲ್ಲ.