ಬದಲಿ ಗಿಡ

ಆಫೀಸುಗಳಿಗೆ ಗಿಡ ಬಾಡಿಗೆಗೆ ಕೊಡುವ ಕಂಪನಿಯಲ್ಲಿ ನನಗೆ ಹತ್ತೊಂಬತ್ತು ವರ್ಷವಾಯಿತು. ನೀರು ಹಾಕು, ಎಲೆ ಒರೆಸು, ಒಣಗಿದ್ದು ಕೀಳು, ಮುಂದಿನ ಆಫೀಸಿಗೆ ನಡೆ. ದಿನಕ್ಕೆ ಹನ್ನೊಂದು ಆಫೀಸು. ಮಂಡಿ ಸವೆದಿದೆ, ಸೊಂಟ ಯಾವತ್ತೋ ಕೈಕೊಟ್ಟಿದೆ. ‘ಗಿಡಗಳ ಜೊತೆ ಕೆಲಸ, ಎಷ್ಟು ನೆಮ್ಮದಿ ಅಲ್ವಾ’ ಅನ್ನುವವರನ್ನು ಕಂಡರೆ ಹತ್ತು ಲೀಟರಿನ ನೀರಿನ ಕ್ಯಾನನ್ನು ಅವರ ಕೈಗೇ ಕೊಟ್ಟು ಮನೆಗೆ ಹೋಗಿ ಮಲಗೋಣ ಅನ್ನಿಸುತ್ತದೆ.

ನಮ್ಮಲ್ಲಿ ಇರುವುದು ಒಂದೇ ಕಾನೂನು: ಗಿರಾಕಿಯ ಕಣ್ಣಿಗೆ ಹಳದಿ ಎಲೆ ಬೀಳಬಾರದು. ಅದಕ್ಕೇ ಪ್ರತಿ ಗಿಡವೂ ಪ್ಲಾಸ್ಟಿಕ್ ಕುಂಡದಲ್ಲಿರುತ್ತದೆ, ಆ ಕುಂಡ ಚೆಂದದ ಪಿಂಗಾಣಿ ಕುಂಡದೊಳಗೆ ಕೂತಿರುತ್ತದೆ. ಗಿಡ ಸೊರಗಿತೋ, ಬೆಳಿಗ್ಗೆ ಆಫೀಸು ತೆರೆಯುವ ಮೊದಲು ಒಳಗಿನದನ್ನು ಎತ್ತಿ, ಗೋದಾಮಿನಿಂದ ತಂದ ಅಷ್ಟೇ ಎತ್ತರದ ಇನ್ನೊಂದನ್ನು ಇಳಿಸುವುದು. ಎರಡು ನಿಮಿಷದ ಕೆಲಸ. ನಾವು ಅದಕ್ಕೆ ‘ಬದಲಿ’ ಅನ್ನುತ್ತೇವೆ. ಎತ್ತಿ ತಂದದ್ದು ಶನಿವಾರ ಕತ್ತರಿಸಿಕೊಂಡು ಗೊಬ್ಬರದ ಗುಂಡಿಗೆ ಹೋಗುತ್ತದೆ.

ಹೆಚ್ಚು ಬದಲಿ ಬೇಡುವುದು ಫೈಕಸ್. ಆಲದ ಬಳಗದ್ದೇ, ಆದರೆ ಮೂರು ಎಳೆ ಕಾಂಡಗಳನ್ನು ಜಡೆ ಹೆಣೆದು ಕುಂಡದಲ್ಲಿ ನಿಲ್ಲಿಸಿರುತ್ತಾರೆ. ಅಬ್ಬಬ್ಬಾ, ಅದರ ಮುನಿಸೇ! ನಾಲ್ಕು ಅಡಿ ಆಚೆ ಸರಿಸಿದರೆ ಎಲೆ ಉದುರಿಸುತ್ತದೆ. ಬಾಗಿಲ ಗಾಳಿ ಬಡಿದರೆ ಉದುರಿಸುತ್ತದೆ. ನೀರು ಕಡಿಮೆಯಾದರೂ ಅಷ್ಟೆ, ಜಾಸ್ತಿಯಾದರೂ ಅಷ್ಟೆ.

ನನ್ನ ಏಳನೆಯ ಆಫೀಸಿನ ಮುಂಬಾಗಿಲಲ್ಲಿ ಅಂಥ ಒಂದು ಫೈಕಸ್, ಅದರ ಪಕ್ಕದ ಮೇಜಿನಲ್ಲಿ ಫೋನಕ್ಕ. ಬರುವ ಫೋನುಗಳನ್ನೆಲ್ಲ ಎತ್ತುವುದು ಅವರ ಕೆಲಸ, ಹಾಗಾಗಿ ಇಡೀ ಆಫೀಸಿಗೇ ಫೋನಕ್ಕ. ಮದುವೆಯಾಗಿಲ್ಲ, ಅಕ್ಕನ ಜೊತೆ ವಾಸ. ಬೆಳಿಗ್ಗೆ ಬಂದವರು ಮೊದಲು ಗಿಡವನ್ನು ಮಾತಾಡಿಸಿ, ಆಮೇಲೆ ಚೀಲ ಇಡುತ್ತಿದ್ದರು. ಹಿಂದಿನ ಗೋಡೆಯ ಮೇಲೆ ಪೆನ್ಸಿಲಿನಲ್ಲಿ ಅದರ ಎತ್ತರ ಗುರುತು ಹಾಕುತ್ತಿದ್ದರು. ಒಮ್ಮೆ ಬದಲಿ ಮಾಡಿದ ಮೇಲೆ ಗಿಡ ಗೇಣುದ್ದ ಗಿಡ್ಡವಾಗಿಬಿಟ್ಟಿತ್ತು.

“ಇದೇನೇ ಗಿಡದಮ್ಮ, ನನ್ನ ಹಾಗೆ ಇದೂ ಕುಗ್ತಾ ಇದೆಯಲ್ಲ!”

“ತುದಿ ಕತ್ತರಿಸಿದ್ದೀನಿ ಅಕ್ಕ. ಆಗ್ಲೇ ಚೆನ್ನಾಗಿ ಕವಲೊಡೆಯೋದು” ಎಂದೆ. ಸುಳ್ಳು ಹೇಳಿ ಹೇಳಿ ನನ್ನ ನಾಲಿಗೆ ಪಳಗಿಹೋಗಿತ್ತು.

ಹನ್ನೊಂದು ವರ್ಷದಲ್ಲಿ ನಾನು ಅಲ್ಲಿ ಮೂರು ಸಲ ಬದಲಿ ಮಾಡಿದ್ದೆ. ಅವರಿಗೆ ಮಾತ್ರ ಅದು ಒಂದೇ ಗಿಡ, ತಾವು ಸಾಕಿ ಬೆಳೆಸಿದ ಗಿಡ.

ಅವರು ನಿವೃತ್ತರಾಗುವ ಹೊತ್ತಿಗೆ ಅಲ್ಲಿದ್ದದ್ದು ನಾಲ್ಕನೆಯದು. ಎರಡು ವರ್ಷ ಆ ಮಬ್ಬು ಮೂಲೆಯಲ್ಲಿ ನಿಂತು, ಒಂದಿಷ್ಟು ಎಲೆ ಕಳೆದುಕೊಂಡು, ಉಳಿದದ್ದನ್ನು ಗಟ್ಟಿಯಾಗಿ ಹಿಡಿದುಕೊಂಡಿತ್ತು. ಬಡಕಲು, ಆದರೆ ಗಟ್ಟಿ ಜೀವ. ಆಫೀಸಿನವರು ಅದನ್ನೇ ಫೋನಕ್ಕನಿಗೆ ಉಡುಗೊರೆ ಕೊಡುವುದೆಂದು ನಿರ್ಧರಿಸಿ, ನಮ್ಮ ಕಂಪನಿಗೆ ಅದರ ಹಣ ಕಟ್ಟಿದರು.

ಅಲ್ಲೇ ನನ್ನ ಬುದ್ಧಿಗೆ ಮಂಕು ಕವಿದದ್ದು. ಬೀಳ್ಕೊಡುಗೆಯ ದಿನ, ಎಲ್ಲರೂ ಫೋಟೋ ತೆಗೆಯುತ್ತಾರೆ, ಇಂಥ ಬಡಕಲನ್ನು ಹೇಗೆ ಕೊಡುವುದು? ಪಾಪ, ಒಳ್ಳೆಯ ಹೆಂಗಸು, ಒಳ್ಳೆಯದನ್ನೇ ಒಯ್ಯಲಿ ಎಂದುಕೊಂಡೆ. ಹತ್ತೊಂಬತ್ತು ವರ್ಷದ ಚಟ ನೋಡಿ, ಕೈ ತಾನಾಗಿಯೇ ಬದಲಿಗೆ ಹೋಗುತ್ತದೆ. ನರ್ಸರಿಯ ಬಿಸಿಲಿನಿಂದ ನೇರ ಬಂದ, ಮಿರಮಿರ ಮಿಂಚುವ ಗಿಡವೊಂದನ್ನು ಆರಿಸಿ, ಅವತ್ತು ಬೆಳಿಗ್ಗೆಯೇ ಇಳಿಸಿದೆ. ಹಳೆಯದು ಆ ಶನಿವಾರವೇ ಗುಂಡಿಗೆ ಹೋಯಿತು.

“ನೋಡೇ, ನಾನು ಹೊರಡೋ ದಿನ ಹೇಗೆ ಕಳೆಕಳೆಯಾಗಿದೆ! ಇದಕ್ಕೂ ಗೊತ್ತು” ಎಂದು ಫೋನಕ್ಕ ಕಣ್ಣೊರೆಸಿಕೊಂಡರು. “ಎಲೆಗೆ ಎಣ್ಣೆ ಹಚ್ಚಿ ಒರೆಸಿದ್ದೀನಿ ಅಕ್ಕ” ಎಂದು ನಾನೂ ನಕ್ಕೆ. ನಾಚಿಕೆಗೆಟ್ಟವಳು.

ಮೂರು ವಾರದ ನಂತರ ಭಾನುವಾರ ಅವರ ಫೋನು. ವಾರಕ್ಕೊಂದು ರಜೆ, ಅವತ್ತೇ ನಾನು ಮಂಡಿಗೆ ಎಣ್ಣೆ ಹಚ್ಚಿಕೊಂಡು ಕಾಲು ಚಾಚಿದ್ದೆ.

“ಗಿಡದಮ್ಮ, ಸ್ವಲ್ಪ ಬರ್ತೀಯಾ? ಅದು ಹೋಗ್ತಾ ಇದೆ.”

ಮೂರನೆಯ ಮಹಡಿ, ಲಿಫ್ಟಿಲ್ಲ. ಬೈದುಕೊಳ್ಳುತ್ತಾ ಹತ್ತಿದೆ. ಬಾಗಿಲು ತೆರೆದದ್ದು ಅವರ ಅಕ್ಕ.

“ಬಾಮ್ಮಾ, ಬಂದು ನೋಡು. ಹನ್ನೊಂದು ವರ್ಷ ಸಾಕಿದೆ ಸಾಕಿದೆ ಅಂತ ಕುಣೀತಿದ್ಲು. ಮನೆಗೆ ತಂದು ಮೂರೇ ವಾರಕ್ಕೆ ಮುಗಿಸಿದಳು. ದಿನಾ ಬೆಳಿಗ್ಗೆ ಒಂದು ಮೊರ ಎಲೆ ಗುಡಿಸ್ತಾ ಇದ್ದೀನಿ.”

ಗಿಡ ಹಜಾರದ ಮೂಲೆಯಲ್ಲಿ ಕಡ್ಡಿಕಡ್ಡಿಯಾಗಿ ನಿಂತಿತ್ತು. ಕಿಟಕಿಯ ಹತ್ತಿರ ಇಟ್ಟು, ಅಡುಗೆಮನೆಗೆ ಒಯ್ದು, ಮತ್ತೆ ಹಜಾರಕ್ಕೆ ತಂದಿದ್ದರಂತೆ. ಫೋನಕ್ಕ ಅದರ ಎದುರು ಸ್ಟೂಲಿನ ಮೇಲೆ ಕೂತಿದ್ದರು. ಮೂರೇ ವಾರಕ್ಕೆ ಮುಖ ಇಳಿದುಹೋಗಿತ್ತು.

“ನನ್ನ ಕೈಗುಣವೇ ಸರಿಯಿಲ್ಲ” ಎಂದರು. “ಆಫೀಸಲ್ಲಿ ಅಷ್ಟು ಜನ ಇದ್ರು, ಅದಕ್ಕೇ ಬದುಕಿತ್ತು. ಬರೀ ನನ್ನೊಬ್ಬಳ ಜೊತೆ ಇರೋಕೆ ಅದಕ್ಕೂ ಆಗ್ತಿಲ್ಲ. ನೀನು ವಾಪಸ್ ತಗೊಂಡು ಹೋಗ್ಬಿಡು, ಅದಾದ್ರೂ ಉಳಿಲಿ.”

ಒಯ್ಯಬಹುದಿತ್ತು. ಮರುದಿನ ಇನ್ನೊಂದನ್ನು ತಂದು ‘ನೋಡಿ, ಚೇತರಿಸಿಕೊಂಡಿತು’ ಅನ್ನಲೂಬಹುದಿತ್ತು. ಮಾತು ನಾಲಿಗೆಯ ತುದಿಗೂ ಬಂದಿತ್ತು. ಆದರೆ ಸಾಕಾಗಿಹೋಗಿತ್ತು ನನಗೆ. ಮೆಟ್ಟಿಲು ಹತ್ತಿ ಸಾಕಾಗಿತ್ತು, ಸುಳ್ಳು ಹೊತ್ತೂ ಸಾಕಾಗಿತ್ತು. ನೆಲದ ಮೇಲೆ ಕೂತು ಎಲ್ಲ ಹೇಳಿಬಿಟ್ಟೆ.

ಅವರ ಅಕ್ಕ ಕೈಯಲ್ಲಿದ್ದ ಪೊರಕೆಯನ್ನು ಗೋಡೆಗೆ ಒರಗಿಸಿ ಒಳಗೆ ಹೋದರು.

“ಅಂದ್ರೆ, ಇದು?” ಎಂದರು ಫೋನಕ್ಕ.

“ಬೀಳ್ಕೊಡುಗೆ ದಿನ ಬೆಳಿಗ್ಗೆ ತಂದಿದ್ದು ಅಕ್ಕ. ಬಿಸಿಲಲ್ಲಿ ಬೆಳೆದಿದ್ದು. ಯಾರ ಮನೆಗೆ ಹೋಗಿದ್ರೂ ಉದುರಿಸ್ತಿತ್ತು. ನಿಮ್ಮ ತಪ್ಪೇನಿಲ್ಲ.”

“ಅದರ ಹಿಂದಿನ ದಿನ ಸಂಜೆ, ಎಲ್ಲರೂ ಹೋದ ಮೇಲೆ, ನಾನು ಒಂದು ಗಂಟೆ ಕೂತು ಮಾತಾಡಿದ್ದು?”

“ಅದು ಹಳೇದು. ಎರಡು ವರ್ಷ ನಿಮ್ಮ ಹತ್ರ ಇದ್ದಿದ್ದು.”

“ಅದೆಲ್ಲಿ?”

“ಆ ಶನಿವಾರ ಗೊಬ್ಬರದ ಗುಂಡಿಗೆ ಹೋಯ್ತು ಅಕ್ಕ.”

“ಅದನ್ನೇ ಕೊಟ್ಟಿದ್ರೆ ಈ ಮನೇಲಿ ಬದುಕ್ತಿತ್ತಾ?”

“ಬದುಕ್ತಿತ್ತು ಅಕ್ಕ. ಅದಕ್ಕೆ ಕತ್ತಲು ಅಭ್ಯಾಸ ಆಗಿತ್ತು.” ಗಿಡಕ್ಕೆಂದು ನಾನು ಅತ್ತದ್ದು ಅದೇ ಮೊದಲು.

ಅವರು ಅಳಲಿಲ್ಲ. “ಇದಕ್ಕೆ ಏನು ಮಾಡ್ಬೇಕು, ಹೇಳು. ಈ ಸಲ ನಿಜ ಹೇಳು” ಎಂದರು.

ಉಗುರಿನಿಂದ ಕಾಂಡವನ್ನು ಒಂದಿಷ್ಟು ಕೆರೆದೆ. ಸಿಪ್ಪೆಯಡಿ ಇನ್ನೂ ಹಸಿರಿತ್ತು, ಹಾಲು ಒಸರಿತು. “ಜೀವ ಇದೆ. ಕಿಟಕಿ ಹತ್ರ ಇಡಿ, ಗಾಳಿ ಬಡೀದೇ ಇರೋ ಕಡೆ. ಆಮೇಲೆ ಮುಟ್ಟಬೇಡಿ. ಬೆರಳು ಎರಡು ಗಿಣ್ಣು ಇಳಿಸಿ ನೋಡಿ, ಒಣಗಿದ್ರೆ ಮಾತ್ರ ನೀರು. ಇರೋ ನಾಲ್ಕು ಎಲೆನೂ ಉದುರಬಹುದು, ಹೆದರ್ಬೇಡಿ. ಎರಡು ತಿಂಗಳು ಕಾಯ್ಬೇಕು. ಬಂದ್ರೆ ಬಂತು.”

“ಸರಿ” ಎಂದು ಅವರು ಎದ್ದರು. ಕುಂಡಕ್ಕೆ ಕೈ ಹಾಕಹೋದ ನನ್ನನ್ನು ತಡೆದು, ತಾವೇ ಏದುಸಿರು ಬಿಡುತ್ತಾ ಕಿಟಕಿಯವರೆಗೆ ಎಳೆದುಕೊಂಡು ಹೋದರು.

“ನೀನು ಇನ್ನು ಇಲ್ಲಿಗೆ ಬರಬೇಡ” ಎಂದರು. ದನಿಯಲ್ಲಿ ಸಿಟ್ಟಿರಲಿಲ್ಲ, ಅದೇ ನನಗೆ ಕಷ್ಟವಾದದ್ದು. “ಇದು ಹೋದ್ರೆ ನಾನೇ ಫೋನ್ ಮಾಡಿ ಹೇಳ್ತೀನಿ. ಬದುಕಿದ್ರೆ ಮಾಡಲ್ಲ.”

ಕೆಲಸ ಬಿಟ್ಟಿಲ್ಲ, ಹೊಟ್ಟೆಪಾಡು. ಬದಲಿಯೂ ನಿಂತಿಲ್ಲ. ಆದರೆ ಚೀಲದೊಳಗೆ ಫೋನು ಹೊಡೆದುಕೊಂಡರೆ ಸಾಕು, ಕ್ಯಾನನ್ನು ಅಲ್ಲೇ ಇಟ್ಟು, ಹೆಸರು ನೋಡುವವರೆಗೂ ಉಸಿರು ಹಿಡಿದಿರುತ್ತೇನೆ. ಇವತ್ತಿಗೆ ನಲವತ್ತೆರಡು ದಿನ. ಅವರು ಫೋನ್ ಮಾಡಿಲ್ಲ.