ಬಾಗಿಲಿಲ್ಲದ ಡಬ್ಬಿ

"ಒಳಗೆ ಹೋಗೋಕೇ ಬಿಡ್ತಿಲ್ವಲ್ಲಮ್ಮ ಇದು!" ಎಂದರು ಪಂಡಿತರು.

ಅದೇ ಹಳೆಯ ಆಜ್ಞೆಯನ್ನು ಅವರು ಮತ್ತೊಮ್ಮೆ ಟೈಪ್ ಮಾಡಿ ಕಾದರು. ನೀನು ಕೇಳಿದ್ದು ಇಲ್ಲಿಲ್ಲ ಎಂಬ ಅದೇ ಉತ್ತರ ಪರದೆಯ ಮೇಲೆ ಮೂಡಿತು.

"ಹೋಗೋಕಾಗಲ್ಲ ಸರ್. ಬಾಗಿಲೇ ಇಟ್ಟಿಲ್ಲ," ಎಂದಳು ಪಕ್ಕದ ಮೇಜಿನ ಹೊಸ ಇಂಜಿನಿಯರ್. "ಒಳಗೆ ಕೂತು ಆಜ್ಞೆ ಕೊಡೋಕಿದ್ದ ಶೆಲ್ಲನ್ನೇ ತೆಗೆದುಬಿಟ್ಟಿದೀನಿ. ನೀವು ಹೋಗೋ ದಾರೀಲಿ ಕಳ್ಳನೂ ಹೋಗಬಹುದಲ್ವಾ?"

"ಕಳ್ಳ ನನ್ನಷ್ಟು ಬೇಗ ಏಳಲ್ಲ ಬಿಡು," ಎಂದು ಪಂಡಿತರು ನಕ್ಕರು. ಆದರೆ ಬೆರಳುಗಳು ಕೀಲಿಮಣೆಯ ಮೇಲೇ ಉಳಿದವು.

ಪಂಡಿತರು ಎಂಬುದು ಆಸ್ಪತ್ರೆಯ ಔಷಧಿ ಅಂಗಡಿಯವನು ಇಟ್ಟ ಹೆಸರು. ನಾಲ್ಕಾರು ಆಸ್ಪತ್ರೆಗಳನ್ನು ನಡೆಸುವ ಸಂಸ್ಥೆಯ ತಂತ್ರಾಂಶ ವಿಭಾಗದಲ್ಲಿ ಅವರೇ ಹಿರಿಯರು. ರೋಗಿಗೆ ಯಾವ ಮಾತ್ರೆ ಯಾವ ಹೊತ್ತಿಗೆ ಎಂಬ ಚೀಟಿಯನ್ನು ಮುದ್ರಿಸಿಕೊಡುವ ಪೈಥಾನ್ ಅಪ್ಲಿಕೇಶನ್ ಅವರ ಸುಪರ್ದಿಯಲ್ಲಿತ್ತು. ಅದು ಎಲ್ಲಿ ಮುಗ್ಗರಿಸಿದರೂ ಅಂಗಡಿಯವನು ಅವರಿಗೇ ಫೋನ್ ಮಾಡುತ್ತಿದ್ದ. ಇವರು ನಾಡಿ ಹಿಡಿದವರಂತೆ ಒಳಹೊಕ್ಕು, ಕೈಯಿಂದಲೇ ಏನೋ ಸರಿಮಾಡಿ ಹೊರಬರುತ್ತಿದ್ದರು. "ನಮ್ಮ ಪಂಡಿತ್ರು ಇದ್ರೆ ಸಾಕಪ್ಪ" ಎಂದು ಅವನು ಕೌಂಟರಿನಲ್ಲಿ ನಿಂತವರಿಗೆಲ್ಲ ಹೇಳುತ್ತಿದ್ದುದು ಇವರ ಕಿವಿಗೂ ಬಿದ್ದಿತ್ತು.

ಅಪ್ಲಿಕೇಶನ್ನನ್ನು, ಅದು ನಡೆಯಲು ಬೇಕಾದ ಸಕಲ ಸರಂಜಾಮಿನೊಂದಿಗೆ, ಒಂದು ಕಂಟೇನರಿನಲ್ಲಿ ತುಂಬಿ ಸರ್ವರಿಗೆ ಕಳಿಸುತ್ತಿದ್ದರು. ಕಚೇರಿಯಲ್ಲಿ ಅದನ್ನು ಡಬ್ಬಿ ಎನ್ನುತ್ತಿದ್ದರು. ಹಳೆಯ ಡಬ್ಬಿ ಹೊಸದಾಗಿ ಸಂಸಾರ ಹೂಡಿದವರ ಸಾಮಾನಿನ ಗಾಡಿಯಂತಿತ್ತು. ಕಂಪೈಲರು, ಎಡಿಟರು, ಯಾರೋ ಯಾವತ್ತೋ ಬೇಕಾದೀತೆಂದು ಸೇರಿಸಿದ ಸಲಕರಣೆಗಳು, ಎಲ್ಲವೂ ಅದರಲ್ಲಿದ್ದವು. ಭದ್ರತಾ ತಪಾಸಣೆಯವರು ಅದನ್ನು ಜಾಲಾಡಿ ಕೊಟ್ಟ ವರದಿಯಲ್ಲಿ ಕಂಡ ದೌರ್ಬಲ್ಯಗಳು ಬಹುಪಾಲು ಅಪ್ಲಿಕೇಶನ್ನಿನವೇ ಅಲ್ಲ, ಅದರ ಜೊತೆ ಸುಮ್ಮನೆ ಪ್ರಯಾಣ ಮಾಡುತ್ತಿದ್ದ ಇವುಗಳವು.

ಹೊಸ ಇಂಜಿನಿಯರ್ ಬಂದದ್ದೇ ಅದಕ್ಕಾಗಿ. ಅವಳು ಕೆಲಸವನ್ನು ಎರಡು ಹಂತ ಮಾಡಿದಳು. ಮೊದಲನೆಯ ಡಬ್ಬಿಯಲ್ಲಿ ಕಟ್ಟುವುದನ್ನೆಲ್ಲ ಕಟ್ಟಿ, ಅಲ್ಲಿಂದ ಓಡಲು ಬೇಕಾದಷ್ಟನ್ನು ಮಾತ್ರ ಎರಡನೆಯದಕ್ಕೆ ಸಾಗಿಸಿದಳು. ಅಪ್ಲಿಕೇಶನ್ನಿಗೆ ಇದ್ದ ಯಜಮಾನಿಕೆ ಕಿತ್ತು ಸಾಮಾನ್ಯ ಬಳಕೆದಾರನ ಅಧಿಕಾರ ಕೊಟ್ಟಳು. ಒಳಗೆ ಯಾರೂ ಏನನ್ನೂ ಬರೆಯದಂತೆ ಬೀಗ ಹಾಕಿದಳು. ಡಬ್ಬಿಯ ತೂಕ ಹತ್ತರಲ್ಲೊಂದು ಪಾಲಿಗೆ ಇಳಿಯಿತು.

"ಎಲ್ಲ ಟೆಸ್ಟ್ ಪಾಸು ಸರ್. ನಾಳೆ ಅಂಗಡಿ ತೆರೆಯೋ ಹೊತ್ತಿಗೆ ಸರ್ವರಿಗೆ ಬಿಡ್ತೀನಿ. ಏನಾದ್ರೂ ಮರೆತಿದ್ರೆ ಈಗಲೇ ಬೈದುಬಿಡಿ."

ಮರೆತದ್ದು ಏನೆಂದು ಪಂಡಿತರಿಗೆ ಗೊತ್ತಿತ್ತು. ಅವಳ ಪರೀಕ್ಷೆಯ ಚೀಟಿಗಳೆಲ್ಲ ಇಂಗ್ಲಿಷಿನಲ್ಲಿದ್ದವು. ಅಂಗಡಿಯ ಚೀಟಿ ಮಾತ್ರ ಜನರ ಭಾಷೆಯಲ್ಲಿ. ಆ ಅಕ್ಷರಗಳ ಫಾಂಟು ಹೊಸ ಡಬ್ಬಿಯಲ್ಲಿರಲಿಲ್ಲ. ಹಳೆಯದರಲ್ಲೂ ಇರಲಿಲ್ಲ! ಹಿಂದೊಮ್ಮೆ ತುರ್ತಿನಲ್ಲಿ ಪಂಡಿತರು ಒಳಹೊಕ್ಕು ಕೈಯಿಂದ ಇಟ್ಟಿದ್ದರು. ಡಬ್ಬಿ ರಾತ್ರಿ ಮುಚ್ಚಿ ಹೊಸದಾಗಿ ತೆರೆದುಕೊಂಡಾಗ ಇಟ್ಟದ್ದು ಮಾಯವಾಗುತ್ತಿತ್ತು. ಬೆಳಿಗ್ಗೆ ಮತ್ತೆ ಇಡುತ್ತಿದ್ದರು. ಡಬ್ಬಿ ಕಟ್ಟುವ ಫೈಲಿಗೆ ಒಂದು ಸಾಲು ಸೇರಿಸಿದ್ದರೆ ಮುಗಿದಿತ್ತು. ನಾಳೆ ಸೇರಿಸೋಣ ಎಂದುಕೊಂಡರು. ಆ ನಾಳೆ ಬರಲಿಲ್ಲ; ಬರದಿದ್ದುದಕ್ಕೆ ಬೇಸರವೂ ಆಗಲಿಲ್ಲ.

"ನಾಳೆ ನೋಡೋಣ," ಎಂದರು ಪಂಡಿತರು.

ಹೊರಡುವ ಹೊತ್ತಿಗೆ ವ್ಯವಸ್ಥಾಪಕ ಹೆಗಲ ಮೇಲೆ ಕೈಯಿಟ್ಟ. "ಇನ್ಮೇಲೆ ಇದಕ್ಕೆ ಕಾವಲು ಬೇಕಿಲ್ಲ ಸರ್. ಹಳೇ ಕಂಪ್ಯೂಟರ್ ದಾಸ್ತಾನಿಗೆ ಯಾರೂ ದಿಕ್ಕಿಲ್ಲ. ಅಲ್ಲಿ ಆರಾಮಾಗಿರಬಹುದು ನೀವು."

ದಾಸ್ತಾನು ಕೋಣೆ ನೆಲಮಾಳಿಗೆಯಲ್ಲಿತ್ತು. ಅಲ್ಲಿಗೆ ಯಾರ ಫೋನೂ ಬರುತ್ತಿರಲಿಲ್ಲ.

ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತು ಪಂಡಿತರು ಲೆಕ್ಕ ಹಾಕಿದರು. ತಾನು ಮಾಡಬೇಕಾದ್ದು ಏನೂ ಇಲ್ಲ, ಸುಮ್ಮನಿದ್ದರಾಯಿತು. ನಾಳೆ ಬೆಳಿಗ್ಗೆ ಚೀಟಿಯ ತುಂಬ ಖಾಲಿ ಚೌಕಗಳು ಬರುತ್ತವೆ. ಅಂಗಡಿಯವನು ಬೊಬ್ಬೆ ಹಾಕುತ್ತಾನೆ. ವ್ಯವಸ್ಥಾಪಕ ಹಳೆಯ ಡಬ್ಬಿಯನ್ನೇ ತರಿಸುತ್ತಾನೆ, ಅದರ ಹಿಂದೆಯೇ ತನ್ನನ್ನೂ. ಊರಿಗೆ ಬಂದವಳು ನೀರಿಗೆ ಬರದೇ ಇರ್ತಾಳಾ, ಹೇಗಿದ್ದರೂ ಗೊತ್ತಾಗುವ ಸಂಗತಿ. ತಾನೇ ಏಕೆ ಹೇಳಬೇಕು?

ಮನೆಯಲ್ಲಿ ಹೆಂಡತಿ ಫ್ರಿಜ್ಜಿನ ಮುಂದೆ ನಿಂತು, ಅದಕ್ಕೆ ಅಂಟಿಸಿದ್ದ ಚೀಟಿಯ ಮೇಲೆ ಬೆರಳಿಟ್ಟು ಓದುತ್ತಿದ್ದಳು. ಅಂಗೈಯಲ್ಲಿ ಎರಡು ಬಿಳಿ ಮಾತ್ರೆ. ಒಂದು ರಕ್ತದೊತ್ತಡದ್ದು, ಇನ್ನೊಂದು ಥೈರಾಯ್ಡಿನದು. ಅಕ್ಕತಂಗಿಯರಂತೆ ಒಂದೇ ರೂಪ.

"ಅದನ್ನ ಇನ್ನೂ ಓದ್ಬೇಕಾ ನೀನು? ಬಾಯಿಪಾಠ ಆಗಿಲ್ವಾ?"

"ಬೆಳಗಿಂದು ಸಂಜೆ, ಸಂಜೇದು ಬೆಳಗ್ಗೆ ನುಂಗಿ ತಲೆ ತಿರುಗಿ ಬಿದ್ನಲ್ಲ, ನೆನಪಿಲ್ವಾ? ಅವತ್ತಿಂದ ಓದ್ದೇ ನುಂಗಲ್ಲ."

"ಅದರಲ್ಲಿ ಅಕ್ಷರನೇ ಇಲ್ದೇ ಇದ್ರೆ ಏನ್ಮಾಡ್ತೀಯ?"

"ಇದೆಂಥಾ ಪ್ರಶ್ನೆ ರೀ?" ಅವಳು ತಿರುಗಿ ನೋಡಿದಳು. "ನಿಮ್ಮನ್ನ ಕೇಳ್ತೀನಿ."

"ನಾನು ಇಲ್ದೇ ಇದ್ರೆ?"

"ಅದಕ್ಕೇ ಅಲ್ವಾ ಬರೆದು ಕೊಡೋದು? ನಿಮ್ಮನ್ನ ನಂಬ್ಕೊಂಡಿದ್ರೆ ಆಗಿತ್ತು ನನ್ನ ಕಥೆ. ಮಗಳ ಮದುವೆ ದಿನ ಎಲ್ಲಿದ್ರಿ ನೀವು? ಗಂಡಿನ ಕಡೆಯವರು ಬಂದು ನಿಂತಿದಾರೆ, ಇವರು ಕಾರಲ್ಲಿ ಕೂತು ಲ್ಯಾಪ್‌ಟಾಪ್ ಕುಟ್ತಿದಾರೆ!" ಒಂದು ಮಾತ್ರೆ ನುಂಗಿ ನೀರು ಕುಡಿದಳು. "ಬೀಗರು ಇವತ್ತಿಗೂ ಕೇಳ್ತಾರೆ, ಆವತ್ತು ಯಾರಿಗೆ ಹುಷಾರಿರಲಿಲ್ಲ ಅಂತ."

ಪಂಡಿತರು ಫ್ರಿಜ್ಜಿನ ಹತ್ತಿರ ಹೋಗಿ ಚೀಟಿಯನ್ನು ತಾವೂ ಒಮ್ಮೆ ಓದಿದರು.

ಮರುದಿನ ಅವರು ಕಚೇರಿಗೆ ಬಂದಾಗ ಹೊಸ ಇಂಜಿನಿಯರ್ ಆಗಲೇ ಕೂತಿದ್ದಳು. ಗುಡಿಸುವವಳು ಅವಳ ಕುರ್ಚಿಯ ಸುತ್ತ ನೆಲ ಒರೆಸುತ್ತಿದ್ದಳು.

"ಬಿಡೋದಕ್ಕೆ ಮುಂಚೆ ಒಂದು ಚೀಟಿ ತೆಗಿ," ಎಂದರು ಪಂಡಿತರು. "ಇಂಗ್ಲಿಷಲ್ಲಲ್ಲ. ನಮ್ಮ ಅಕ್ಷರದಲ್ಲಿ."

ಪ್ರಿಂಟರ್ ಗುರುಗುಟ್ಟಿ ಹಾಳೆಯನ್ನು ಹೊರಹಾಕಿತು. ರೋಗಿಯ ಹೆಸರಿದ್ದಲ್ಲಿ ಚೌಕಗಳು. ಬೆಳಿಗ್ಗೆ, ರಾತ್ರಿ, ಊಟಕ್ಕೆ ಮುಂಚೆ, ಎಲ್ಲವೂ ಸಾಲುಸಾಲು ಖಾಲಿ ಚೌಕಗಳು. ಅಂಕಿಗಳು ಮಾತ್ರ ನೆಟ್ಟಗಿದ್ದವು.

ಅವಳು ಹಾಳೆಯನ್ನು ತಿರುಗಿಸಿ ನೋಡಿದಳು. "ಹಳೇ ಡಬ್ಬೀಲಿ ಸರಿಯಾಗೇ ಬರ್ತಿತ್ತಲ್ಲ ಸರ್?"

"ಫಾಂಟು ಅದರಲ್ಲೂ ಇಲ್ಲ. ನಾನು ಹಾಕ್ತಿದ್ದೆ."

"ಯಾವಾಗ?"

"ದಿನಾ ಬೆಳಿಗ್ಗೆ."

"ಭಾನುವಾರಾನೂ?"

"ಭಾನುವಾರ ಅಂತ ಜನ ಮಾತ್ರೆ ಬಿಡ್ತಾರಾ?"

ಅವಳು ಡಬ್ಬಿ ಕಟ್ಟುವ ಫೈಲನ್ನು ತೆರೆದು, ಕುರ್ಚಿ ಹಿಂದೆ ಸರಿಸಿ, ಕೀಲಿಮಣೆಯನ್ನು ಅವರತ್ತ ತಳ್ಳಿದಳು. ಪಂಡಿತರು ನಿಂತುಕೊಂಡೇ ಆ ಸಾಲು ಬರೆದರು. ಡಬ್ಬಿ ಮತ್ತೆ ಕಟ್ಟಿಕೊಂಡಿತು. ಎರಡನೆಯ ಚೀಟಿಯಲ್ಲಿ ಅಕ್ಷರಗಳು ದುಂಡಗೆ ಬಂದವು.

"ತೂಕ ಸ್ವಲ್ಪ ಏರ್ತು ಸರ್," ಎಂದಳು ಪರದೆ ನೋಡಿ.

"ಅದು ಮೂಳೆ ತೂಕಮ್ಮ. ಕೊಬ್ಬಲ್ಲ."

ಅವಳು ನಕ್ಕಳು. ಆಮೇಲೆ ಮೆಲ್ಲಗೆ ಕೇಳಿದಳು: "ಇಂಥವು ಇನ್ನೂ ಇವೆಯಾ ಸರ್?"

ಪಂಡಿತರು ಕುರ್ಚಿ ಎಳೆದುಕೊಂಡು ಕೂತರು. "ಇವೆ. ಬರ್ಕೋ."

ಅದರ ಮಾರನೆಯ ದಿನ, ಯಾವಾಗಲೂ ಏಳುವ ಹೊತ್ತಿಗೇ ಅವರಿಗೆ ಎಚ್ಚರವಾಯಿತು. ಲ್ಯಾಪ್‌ಟಾಪ್ ತೆರೆದು, ಅರ್ಧ ಟೈಪ್ ಮಾಡಿದ ಆಜ್ಞೆಯನ್ನು ಅಳಿಸಿ, ಮುಚ್ಚಿಟ್ಟರು. ಅಂಗಡಿ ತೆರೆಯುವ ಹೊತ್ತು ದಾಟಿದ ಮೇಲೆ ಫೋನ್ ಬಂತು. ಎರಡನೆಯ ರಿಂಗಿಗೇ ಎತ್ತಿದರು.

"ಪಂಡಿತ್ರೆ, ಹುಷಾರಾಗಿದೀರಾ?" ಅಂಗಡಿಯವನ ದನಿ. "ಅಂಗಡೀಲಿ ಏನೂ ಕೆಟ್ಟಿಲ್ಲ. ಫೋನ್ ಮಾಡೋ ಹಾಗೇ ಆಗ್ಲಿಲ್ವಲ್ಲ ಅಂತ ಫೋನ್ ಮಾಡ್ದೆ."

"ಹುಷಾರಾಗಿದೀನಪ್ಪ," ಎಂದರು.

ಹೆಂಡತಿ ಚಹಾದ ಲೋಟವನ್ನು ಎಂದಿನ ಜಾಗದಲ್ಲಿ, ಲ್ಯಾಪ್‌ಟಾಪಿನ ಪಕ್ಕ, ಇಟ್ಟು ಹೋದಳು. ಇಷ್ಟು ವರ್ಷ ಆ ಜಾಗದಲ್ಲಿ ಅವರು ಕುಡಿದದ್ದೆಲ್ಲ ಕೆನೆಗಟ್ಟಿ ತಣ್ಣಗಾದ ಚಹಾ. ಅದೇ ರೂಢಿಯಲ್ಲಿ ಲೋಟ ಎತ್ತಿ ದೊಡ್ಡ ಗುಟುಕು ಎಳೆದರು. ನಾಲಿಗೆ ಸುಟ್ಟಿತು. ಲೋಟವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು, ಬಾಯಿ ಹತ್ತಿರ ತಂದು, ಮೆಲ್ಲಗೆ ಊದತೊಡಗಿದರು.